ಸುಧಾರಿಸಿತೇ ಎಂದು ಕೇಳುವವರು ಬೇಕು

ಬಿ.ಇಡಿ. ಮುಗಿಸಿದವರ ಮನೆಯಲ್ಲಿ ಒಂದು ತೆಳ್ಳನೆಯ ಪುಸ್ತಿಕೆ ಇದ್ದೇ ಇರುತ್ತದೆ. ಸ್ಪೈರಲ್ ಬೈಂಡಿಂಗು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಒಳಗೆ ಪ್ರಮಾಣಪತ್ರ, ಕೃತಜ್ಞತೆ, ಪೀಠಿಕೆ. ಹೆಸರು ಕ್ರಿಯಾ ಸಂಶೋಧನೆ. ವಿಷಯ ಸಾಮಾನ್ಯವಾಗಿ ಈ ಧಾಟಿಯದು: ‘ಎಂಟನೇ ತರಗತಿಯ ಹತ್ತು ಮಕ್ಕಳು ಒತ್ತಕ್ಷರ ಬರೆಯುವಾಗ ಮಾಡುವ ತಪ್ಪುಗಳು: ಕಾರಣ ಮತ್ತು ಪರಿಹಾರ’. ಪೂರ್ವ ಪರೀಕ್ಷೆಯಲ್ಲಿ ಮಕ್ಕಳ ಸರಾಸರಿ 35. ಆಮೇಲೆ ಮೂರು ವಾರ ಪರಿಹಾರ ಬೋಧನೆ. ಉತ್ತರ ಪರೀಕ್ಷೆಯಲ್ಲಿ 70. ಪ್ರಾಕ್ಕಲ್ಪನೆ ಸಾಬೀತಾಯಿತು. ಸಹಿ, ಮೊಹರು, ಮುಗಿಯಿತು.

ಇಂಥ ಪುಸ್ತಿಕೆಗಳಲ್ಲಿ ಪ್ರಾಕ್ಕಲ್ಪನೆ ಸೋತದ್ದನ್ನು ಕಂಡವರು ಅಪರೂಪ. ಸಂಶೋಧನೆ ಎಂಬ ಹೆಸರಿನ ಕೆಲಸದಲ್ಲಿ ಒಮ್ಮೆಯೂ ಸೋಲೇ ಇಲ್ಲವೆಂದರೆ ಅನುಮಾನ ಬರಬೇಕಿತ್ತು. ಬರುವುದಿಲ್ಲ, ಏಕೆಂದರೆ ಪುಸ್ತಿಕೆಯನ್ನು ಯಾರೂ ಓದುವುದಿಲ್ಲ. ತಲುಪಿತೋ ಇಲ್ಲವೋ ಎಂದಷ್ಟೇ ನೋಡುತ್ತಾರೆ.

ಎಡವಟ್ಟು ಎಲ್ಲಿದೆ ಎಂದು ಬಿಡಿಸಿ ನೋಡಿ. ಪ್ರಶ್ನೆ ತೆಗೆದವರು, ಪಾಠ ಮಾಡಿದವರು, ಅಂಕ ಕೊಟ್ಟವರು ಒಬ್ಬರೇ. ಎರಡು ಸಲವೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಪಕ್ಕದ ವಿಭಾಗದ ಮಕ್ಕಳು ಆ ಮೂರು ವಾರದಲ್ಲಿ ಎಷ್ಟು ಕಲಿತರು ಎಂದು ಯಾರೂ ಕೇಳಿಲ್ಲ. ಪರಿಹಾರ ಬೋಧನೆ ಇಲ್ಲದೆಯೂ ಅವರು ಅಷ್ಟೇ ಮುಂದೆ ಹೋಗಿರಬಹುದು. ಇವೆಲ್ಲಕ್ಕಿಂತ ಮೋಸಗಾರ ಸಂಗತಿ ಇನ್ನೊಂದಿದೆ. ಒಂದು ಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಬಂದ ಹತ್ತು ಮಕ್ಕಳನ್ನು ಹೆಕ್ಕಿದಿರಿ ಎನ್ನೋಣ. ಅವರಲ್ಲಿ ಕೆಲವರಿಗೆ ನಿಜಕ್ಕೂ ಬರುವುದಿಲ್ಲ. ಕೆಲವರಿಗೆ ಅಂದು ಜ್ವರ ಇತ್ತು, ಕೆಲವರು ಹಿಂದಿನ ರಾತ್ರಿ ಜಾತ್ರೆಯ ನಾಟಕ ನೋಡಿ ಬಂದಿದ್ದರು. ಇನ್ನೊಂದು ದಿನ ಪರೀಕ್ಷೆ ಇಟ್ಟರೆ, ಏನೂ ಕಲಿಸದಿದ್ದರೂ, ಈ ಗುಂಪಿನ ಸರಾಸರಿ ಮೇಲೆ ಏರುತ್ತದೆ. ಕೆಳಗಿದ್ದವರನ್ನೇ ಆರಿಸಿಕೊಂಡರೆ ಮುಂದಿನ ಸಲ ಏರಿಕೆ ಕಾಣುವುದು ಲೆಕ್ಕದ ಸ್ವಭಾವ. ಆ ಏರಿಕೆಯನ್ನು ನಾವು ನಮ್ಮ ಬೋಧನೆಯ ಖಾತೆಗೆ ಜಮಾ ಮಾಡಿಕೊಳ್ಳುತ್ತೇವೆ.

ವಿದ್ಯಾರ್ಥಿಗಳ ಅವಸರ ಎಂದು ಇದನ್ನು ತಳ್ಳಿಹಾಕಬಹುದಿತ್ತು, ಆ ವಿದ್ಯಾರ್ಥಿಗಳೇ ಮುಂದೆ ಅಧಿಕಾರಿಗಳಾಗದೇ ಇದ್ದಿದ್ದರೆ. ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯನ್ನೇ ನೋಡಿ. ಊರು ದೊಡ್ಡದಲ್ಲ, ಹೋಬಳಿ ಕೇಂದ್ರ; ಸುತ್ತಲೂ ಗೋವಿನಜೋಳ, ಹತ್ತಿ. ಆದರೂ ಮೃತ್ಯುಂಜಯ ವಿದ್ಯಾಪೀಠದ ದೆಸೆಯಿಂದ ಶಾಲೆಯಿಂದ ಹಿಡಿದು ಪದವಿ, ಶಿಕ್ಷಕ ತರಬೇತಿಯವರೆಗೆ ಓದು ಊರಲ್ಲೇ ಸಿಗುತ್ತದೆ. ಇಂಥ ಕಾಲೇಜಿನಲ್ಲಿ ಬಿ.ಇಡಿ. ಮಾಡಿದ ಹುಡುಗಿ ನಾಳೆ ಪ್ರೌಢಶಾಲೆಯ ಶಿಕ್ಷಕಿ. ಕೆಲವು ವರ್ಷಕ್ಕೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯಾಗಿ ಒಂದು ಕ್ಲಸ್ಟರಿನ ಶಾಲೆಗಳನ್ನು ಸುತ್ತಬಹುದು, ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ತರಬೇತಿ ಕೊಡಬಹುದು, ಮುಖ್ಯಶಿಕ್ಷಕಿಯಾಗಬಹುದು. ಕೆಪಿಎಸ್‌ಸಿಯ ಕೆಇಎಸ್ ಪರೀಕ್ಷೆ ಪಾಸಾದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕುರ್ಚಿಯೂ ದೂರವಿಲ್ಲ. ಆಗ ಅವಳ ಕೈಯಲ್ಲಿರುವುದು ಹತ್ತು ಮಕ್ಕಳ ಒತ್ತಕ್ಷರವಲ್ಲ, ಒಂದು ತಾಲ್ಲೂಕಿನ ಅಷ್ಟೂ ಶಾಲೆ. ಸಂಶೋಧನೆಯ ಬಗ್ಗೆ ಅವಳು ಕಲಿತದ್ದು ಮಾತ್ರ ಆ ಸ್ಪೈರಲ್ ಪುಸ್ತಿಕೆಯಷ್ಟೇ: ಉಪಕ್ರಮ ಮಾಡು, ಅಂಕ ಏರಿತು ಎಂದು ಬರೆ, ಸಹಿ ಹಾಕಿಸು.

ಕ್ರಿಯಾ ಸಂಶೋಧನೆ ಹುಟ್ಟಿದ್ದು ಹೀಗಲ್ಲ. ಜರ್ಮನಿಯಿಂದ ಅಮೆರಿಕಕ್ಕೆ ಬಂದ ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಈ ಹೆಸರಿನಡಿ ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಜನಾಂಗಗಳ ನಡುವಿನ ಜಗಳ. ಮಾಡಿ ನೋಡು, ಏನಾಯಿತೆಂದು ಅಳೆ, ತಿದ್ದಿಕೋ, ಮತ್ತೆ ಮಾಡು ಎಂಬ ಸುತ್ತನ್ನು ಅವನು ಹೇಳಿದ. 1953ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ ಅದನ್ನು ಶಾಲೆಗೆ ತಂದ. ಬ್ರಿಟನ್ನಿನ ಲಾರೆನ್ಸ್ ಸ್ಟೆನ್‌ಹೌಸ್ 1970ರ ದಶಕದಲ್ಲಿ, ಶಿಕ್ಷಕನೇ ತನ್ನ ತರಗತಿಯ ಸಂಶೋಧಕನಾಗಬೇಕೆಂದು ಹಟ ಹಿಡಿದ. ಮೂವರಿಗೂ ಮುಖ್ಯವಾಗಿದ್ದದ್ದು ಎರಡನೆಯ ಸುತ್ತು, ಅಂದರೆ ಮೊದಲ ಸಲ ತಪ್ಪಿದ್ದನ್ನು ತಿದ್ದಿಕೊಳ್ಳುವ ಸುತ್ತು. ನಮ್ಮಲ್ಲಿ ಎರಡನೆಯ ಸುತ್ತು ಬರುವುದೇ ಇಲ್ಲ. ಮೊದಲನೆಯದರಲ್ಲೇ ಗೆದ್ದುಬಿಡುತ್ತೇವಲ್ಲ.

ಇಂದಿನ ಹಾವೇರಿ ಜಿಲ್ಲೆಯ ಈ ಸೀಮೆಗೆ ಶಾಲಾ ಆಡಳಿತ ಹೊಸದಲ್ಲ ಎಂಬುದನ್ನೂ ನೆನಪಿಡಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಹಿರೇಕೆರೂರಿನ ಪ್ರದೇಶ ಕೋಡ ತಾಲ್ಲೂಕು, ಶಿಗ್ಗಾವಿಯ ಪ್ರದೇಶ ಬಂಕಾಪುರ ತಾಲ್ಲೂಕು, ಹಾನಗಲ್ಲ ತನ್ನ ಹೆಸರಿನಲ್ಲೇ ಇತ್ತು; ಎಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗೆ. ಸವಣೂರು ನವಾಬರ ಸಂಸ್ಥಾನ. ಆ ಕಾಲದ ಶಿಕ್ಷಣ ಇಲಾಖೆಯ ಡೆಪ್ಯೂಟಿ ಇನ್‌ಸ್ಪೆಕ್ಟರ್ ಒಬ್ಬರ ಹೆಸರಿಗೆ ಹುದ್ದೆಯೇ ಅಂಟಿಕೊಂಡು ಡೆಪ್ಯೂಟಿ ಚನ್ನಬಸಪ್ಪ ಎಂದೇ ಉಳಿಯಿತು. ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಾಲದಲ್ಲಿ ಅವರು ಊರೂರು ಸುತ್ತಿ ಕನ್ನಡ ಶಾಲೆ ತೆರೆಸಿದರು, ಧಾರವಾಡದ ಶಿಕ್ಷಕ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದರು, ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ಕನ್ನಡಕ್ಕೆ ತಂದರು. 1860ರ ದಶಕದಲ್ಲಿ ಶಿಕ್ಷಕರಿಗೆಂದೇ ‘ಮಠಪತ್ರಿಕೆ’ ಹೊರಟಿತು. ಅದು ಮುಂದೆ ‘ಕನ್ನಡ ಶಾಲಾಪತ್ರಕ’ವಾಗಿ, ‘ಜೀವನ ಶಿಕ್ಷಣ’ ಎಂಬ ಹೆಸರಿನಲ್ಲಿ ಇಂದಿನವರೆಗೂ ಬಂದಿದೆ. ಶಿಕ್ಷಕರಿಗಾಗಿ ಇಷ್ಟು ಹಳೆಯ ಪತ್ರಿಕೆ ಇರುವ ಭಾಷೆಗಳು ನಮ್ಮ ದೇಶದಲ್ಲಿ ಹೆಚ್ಚಿರಲಾರವು.

ಕುತೂಹಲದ ಸಂಗತಿಯೆಂದರೆ, ಚನ್ನಬಸಪ್ಪನವರು ಕುದುರೆ, ಚಕ್ಕಡಿಗಳ ಕಾಲದಲ್ಲಿ ಶಾಲೆಗಳನ್ನು ನೋಡುತ್ತಿದ್ದಾಗಲೇ ಇಂಗ್ಲೆಂಡಿನಲ್ಲೂ ಒಬ್ಬ ಸಾಹಿತಿ ಶಾಲಾ ಇನ್‌ಸ್ಪೆಕ್ಟರನಾಗಿದ್ದ. ಕವಿ ಮ್ಯಾಥ್ಯೂ ಆರ್ನಲ್ಡ್ 1851ರಿಂದ 35 ವರ್ಷ ಅದೇ ಕೆಲಸ ಮಾಡಿದ. 1862ರಲ್ಲಿ ಅಲ್ಲಿನ ಸರಕಾರ ಹೊಸ ನಿಯಮ ತಂದಿತು: ಇನ್‌ಸ್ಪೆಕ್ಟರ್ ಬಂದು ಮಕ್ಕಳನ್ನು ಓದು, ಬರಹ, ಲೆಕ್ಕದಲ್ಲಿ ಪರೀಕ್ಷಿಸಬೇಕು, ಪಾಸಾದ ತಲೆಗಳನ್ನು ಎಣಿಸಿ ಶಾಲೆಗೆ ಅನುದಾನ ಕೊಡಬೇಕು. ಮುಂಬಯಿ ಪ್ರಾಂತಕ್ಕೂ ಈ ಪದ್ಧತಿ ಬಂದಿತು. ಶಾಲೆಗಳು ಮಾಡಿದ್ದೇನು? ಇನ್‌ಸ್ಪೆಕ್ಟರ್ ಕೇಳುವ ಪುಸ್ತಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವು. ಆರ್ನಲ್ಡ್ ತನ್ನ ವರದಿಗಳಲ್ಲಿ ಇದನ್ನು ಬಿಡದೆ ವಿರೋಧಿಸಿದ. ಆ ವ್ಯವಸ್ಥೆ ಪೂರ್ತಿ ಹೋಗಲು 1890ರ ದಶಕ ಬರಬೇಕಾಯಿತು. ಅಳತೆಗೆ ಬಹುಮಾನವನ್ನೋ ಶಿಕ್ಷೆಯನ್ನೋ ಕಟ್ಟಿದ ದಿನವೇ ಆ ಅಳತೆ ಕೆಡಲು ತೊಡಗುತ್ತದೆ. ಶಿಕ್ಷಣಾಧಿಕಾರಿ ಮೊದಲು ಕಲಿಯಬೇಕಾದ ಪಾಠ ಇದು, ನಮ್ಮ ಸಭೆಗಳಲ್ಲಿ ಎಲ್ಲರಿಗಿಂತ ಮೊದಲು ಮರೆಯುವುದೂ ಇದನ್ನೇ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಇದನ್ನು ಚೆನ್ನಾಗಿ ನೋಡಬಹುದು. ಶೇ 100 ಫಲಿತಾಂಶ ಪಡೆದ ಶಾಲೆಗಳ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ. ಮುಖ್ಯಶಿಕ್ಷಕರಿಗೆ ಶಾಲು, ಹಾರ. ಕೆಳಗಿರುವವರಿಗೆ ನೋಟಿಸು. ಪಟ್ಟಿಯಲ್ಲಿನ ಶಾಲೆಗಳಲ್ಲಿ ಎಷ್ಟೆಷ್ಟು ಮಕ್ಕಳು ಪರೀಕ್ಷೆ ಬರೆದರು ಎಂದು ನೋಡಿದ್ದೀರಾ? ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. ತಾಲ್ಲೂಕಿನ ಎಲ್ಲ ಶಾಲೆಗಳೂ ಒಂದೇ ಗುಣಮಟ್ಟದವು. ಎಲ್ಲ ಕಡೆಯೂ ಮಗು ಪಾಸಾಗುವ ಸಂಭವ 100ಕ್ಕೆ 80. ಹತ್ತು ಮಕ್ಕಳಿರುವ ಶಾಲೆಯಲ್ಲಿ ಹತ್ತೂ ಮಕ್ಕಳು ಪಾಸಾಗುವ ಸಂಭವ ಸುಮಾರು 100ಕ್ಕೆ 11. ಅಂದರೆ ಇಂಥ ಹತ್ತು ಸಣ್ಣ ಶಾಲೆಗಳಿದ್ದರೆ ಅವುಗಳಲ್ಲೊಂದು, ಯಾರೂ ವಿಶೇಷವಾಗಿ ಏನೂ ಮಾಡದೆಯೇ, ಶೇ 100ರ ಪಟ್ಟಿ ಸೇರುತ್ತದೆ. ನೂರು ಮಕ್ಕಳಿರುವ ಶಾಲೆಗೆ ಆ ಭಾಗ್ಯ ಇಲ್ಲವೆಂದೇ ಹೇಳಬೇಕು. ಇದರ ಇನ್ನೊಂದು ಮುಖವೂ ಇದೆ. ಮೂವತ್ತು ಸಣ್ಣ ಶಾಲೆಗಳಲ್ಲಿ ಒಂದು ಬರೀ ದುರದೃಷ್ಟದಿಂದ ಶೇ 50ಕ್ಕೋ ಅದಕ್ಕೂ ಕೆಳಕ್ಕೋ ಬೀಳುತ್ತದೆ. ಹಾರ ಬಿದ್ದದ್ದೂ ಅದೃಷ್ಟಕ್ಕೆ, ನೋಟಿಸು ಹೋದದ್ದೂ ಅದೃಷ್ಟಕ್ಕೆ. ಮರುವರ್ಷ ನೋಟಿಸು ಪಡೆದ ಶಾಲೆ ತಾನಾಗಿ ಮೇಲೇರಿದಾಗ, ‘ಬಿಗಿ ಮಾಡಿದ್ದರಿಂದ ಸರಿಹೋಯಿತು’ ಎಂದು ಅಧಿಕಾರಿ ನಂಬುತ್ತಾರೆ.

ಇಂಥ ಮೋಸಕ್ಕೆ ಸಿಕ್ಕವರು ನಮ್ಮ ತಾಲ್ಲೂಕಿನವರಷ್ಟೇ ಅಲ್ಲ. ಅಮೆರಿಕದ ಗೇಟ್ಸ್ ಪ್ರತಿಷ್ಠಾನ 2000ದಿಂದ ಮುಂದಕ್ಕೆ ಸುಮಾರು 200 ಕೋಟಿ ಡಾಲರ್ ಸುರಿದು ದೊಡ್ಡ ಪ್ರೌಢಶಾಲೆಗಳನ್ನು ಸಣ್ಣವಾಗಿ ಒಡೆಯಲು, ಹೊಸ ಸಣ್ಣ ಶಾಲೆ ತೆರೆಯಲು ನೆರವಾಯಿತು. ಉತ್ತಮ ಶಾಲೆಗಳ ಪಟ್ಟಿಯಲ್ಲಿ ಸಣ್ಣ ಶಾಲೆಗಳೇ ಎದ್ದು ಕಾಣುತ್ತಿದ್ದವು. ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೇನರ್ ಪಟ್ಟಿಯ ತಳವನ್ನೂ ನೋಡಿದ. ಅಲ್ಲೂ ಸಣ್ಣ ಶಾಲೆಗಳೇ ಹೆಚ್ಚಿದ್ದವು. 2009ರಲ್ಲಿ ಬಿಲ್ ಗೇಟ್ಸ್ ತಮ್ಮ ವಾರ್ಷಿಕ ಪತ್ರದಲ್ಲಿ, ಹಣ ಹಾಕಿದ ಹಲವು ಸಣ್ಣ ಶಾಲೆಗಳಲ್ಲಿ ಕಲಿಕೆ ಹೇಳುವಷ್ಟು ಏರಲಿಲ್ಲವೆಂದು ಒಪ್ಪಿಕೊಂಡರು. ಕತೆ ಅಲ್ಲಿಗೂ ನಿಲ್ಲಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ಸೀಟಿಗೆ ನೂಕುನುಗ್ಗಲು ಇದ್ದ ಸಣ್ಣ ಶಾಲೆಗಳು ಲಾಟರಿಯ ಮೂಲಕ ಮಕ್ಕಳನ್ನು ಸೇರಿಸಿಕೊಂಡಿದ್ದವು. ಚೀಟಿ ಬಂದವರನ್ನೂ ಬಾರದವರನ್ನೂ ಹೋಲಿಸಿದಾಗ, ಅಲ್ಲಿ ಸಣ್ಣ ಶಾಲೆಗಳಿಂದ ನಿಜಕ್ಕೂ ಲಾಭವಾಗಿತ್ತು. ಪಟ್ಟಿ ಹೇಳಲಾರದ್ದನ್ನು ಹೋಲಿಕೆ ಹೇಳಿತು.

ಹೋಲಿಕೆ ಎಂದರೆ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ಕಂಪನಿಯ ಗೋವಿನಜೋಳದ ಬೀಜ ಬಂದರೆ ಹಿರೇಕೆರೂರು ಕಡೆಯ ಜಾಣ ಒಕ್ಕಲಿಗ ಹೊಲಕ್ಕೆಲ್ಲ ಚೆಲ್ಲುವುದಿಲ್ಲ. ನಾಲ್ಕು ಸಾಲು ಹಾಕಿ, ಪಕ್ಕದಲ್ಲೇ ಹಳೆಯ ಬೀಜ ಹಾಕಿ, ಎರಡಕ್ಕೂ ಒಂದೇ ಗೊಬ್ಬರ ಕೊಟ್ಟು, ತೆನೆ ಮುರಿಯುವ ಹೊತ್ತಿಗೆ ನೋಡುತ್ತಾನೆ. ಶಿಕ್ಷಣದಲ್ಲಿ ಇವತ್ತು ಬಹಳ ಗೌರವದಿಂದ ಹೇಳುವ ಪ್ರಯೋಗ ವಿಧಾನ ಹುಟ್ಟಿದ್ದೂ ಹೊಲದಲ್ಲೇ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ರೊನಾಲ್ಡ್ ಫಿಶರ್, ಯಾವ ತುಣುಕಿಗೆ ಯಾವ ಗೊಬ್ಬರ ಎಂಬುದನ್ನು ಮನುಷ್ಯನ ಆಯ್ಕೆಗೆ ಬಿಡದೆ ಚೀಟಿಗೆ ಬಿಡಬೇಕೆಂದು ವಾದಿಸಿದ. ಮನುಷ್ಯ ಆರಿಸಿದರೆ ಒಳ್ಳೆಯ ಮಣ್ಣಿಗೇ ಒಳ್ಳೆಯ ಗೊಬ್ಬರ ಹೋಗುತ್ತದೆ. ನಾವು ‘ಮಾದರಿ ಶಾಲೆ’ಯನ್ನು ಆರಿಸುವುದು ಹೀಗೆಯೇ: ಉತ್ಸಾಹಿ ಶಿಕ್ಷಕರು ಇರುವಲ್ಲಿಗೆ ಯೋಜನೆ ಕೊಡುತ್ತೇವೆ, ಆಮೇಲೆ ಯೋಜನೆ ಗೆದ್ದಿತು ಎನ್ನುತ್ತೇವೆ.

ಸರಾಸರಿಯ ಬಗ್ಗೆಯೂ ಒಂದು ಮಾತು. ಶಾಲೆಯ ಹಾಜರಾತಿ ಶೇ 90 ಎಂದು ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್ ಹೇಳಿದರೆ ಅಧಿಕಾರಿ ಸಮಾಧಾನದಿಂದ ಮುಂದಿನ ಸಾಲಿಗೆ ಹೋಗುತ್ತಾರೆ. ನಲವತ್ತು ಮಕ್ಕಳು, 200 ದಿನ. ಶೇ 90 ಎಂದರೆ ಒಟ್ಟು 800 ಗೈರು. ಪ್ರತಿ ಮಗುವೂ ವರ್ಷಕ್ಕೆ 20 ದಿನ ತಪ್ಪಿಸಿದರೂ ಲೆಕ್ಕ 800. ನಾಲ್ಕು ಮಕ್ಕಳು ವರ್ಷವಿಡೀ ಬಾರದಿದ್ದರೂ ಲೆಕ್ಕ 800. ಮೊದಲನೆಯದು ಜ್ವರ, ಹಬ್ಬ, ಸಂತೆಯ ವಿಷಯ. ಎರಡನೆಯದು ನಾಲ್ಕು ಮನೆಗಳ ಕತೆ, ಆ ಮನೆಗಳಿಗೆ ಯಾರಾದರೂ ಹೋಗಲೇಬೇಕು. ಎರಡೂ ಶಾಲೆಗೆ ಒಂದೇ ಸುತ್ತೋಲೆ ಕಳಿಸಿದರೆ ಒಂದಕ್ಕೂ ಉಪಯೋಗವಿಲ್ಲ. ಆದ್ದರಿಂದ ಭಾವೀ ಅಧಿಕಾರಿ ಕಲಿಯಬೇಕಾದ ಕಸುಬು ಕಂಪ್ಯೂಟರಿನಲ್ಲಿ ಚಾರ್ಟು ಬಿಡಿಸುವುದಲ್ಲ. ಹಾಜರಿ ಪುಸ್ತಕವನ್ನು ಅಡ್ಡಲಾಗಿ ಓದಿದರೆ ಒಂದು ಮಗುವಿನ ವರ್ಷ ಕಾಣುತ್ತದೆ. ಉದ್ದಕ್ಕೆ ಓದಿದರೆ ಒಂದು ದಿನದ ಶಾಲೆ ಕಾಣುತ್ತದೆ. ಎರಡೂ ಓದು ಬೇಕು. ಹಾಗೆ ಓದಿದಾಗಲೇ ಪ್ರಶ್ನೆ ಹುಟ್ಟುವುದು: ಈ ಹುಡುಗಿ ಸೋಮವಾರ ಮಾತ್ರ ಏಕೆ ಬರುವುದಿಲ್ಲ? ಗೋವಿನಜೋಳ ಮುರಿಯುವ ವಾರಗಳಲ್ಲಿ ಆರನೇ ತರಗತಿಯ ಹುಡುಗರು ಎಲ್ಲಿರುತ್ತಾರೆ?

ಉತ್ತರಗಳು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ ಇರುತ್ತವೆ. ಹಾನಗಲ್ಲ ಅರೆಮಲೆನಾಡು, ಭತ್ತದ ನಾಡು. ಮಳೆಗಾಲದಲ್ಲಿ ಹಳ್ಳಿಯ ದಾರಿಯೇ ಶಾಲೆಯ ಗೈರಿಗೆ ಕಾರಣವಾಗಬಹುದು. ಶಿಗ್ಗಾವಿಯ ಮೇಲೆ ಹೆದ್ದಾರಿ ಹಾದುಹೋಗಿದೆ, ಹುಬ್ಬಳ್ಳಿ ಹತ್ತಿರ. ಅಪ್ಪ ಅಮ್ಮ ಬೆಳಗ್ಗೆಯೇ ಬಸ್ಸು ಹತ್ತಿದರೆ ತಂಗಿಯನ್ನು ನೋಡಿಕೊಳ್ಳುವವರು ಯಾರು? ಸವಣೂರಿನಲ್ಲಿ ಉರ್ದು ಶಾಲೆಗಳಿವೆ. ಅಲ್ಲಿಂದ ಕನ್ನಡ ಮಾಧ್ಯಮಕ್ಕೆ ದಾಟುವ ಮಗುವಿನ ತೊಡಕು ಹಿರೇಕೆರೂರಿನ ಅಧಿಕಾರಿಗೆ ಹೊಳೆಯದೇ ಇರಬಹುದು. ಹಾಗೆಂದು ಇವೇ ಕಾರಣಗಳೆಂದು ನಾನು ತೀರ್ಪು ಕೊಡುತ್ತಿಲ್ಲ. ಇವು ಊಹೆಗಳು. ಊಹೆಯನ್ನು ಬರೆದಿಟ್ಟುಕೊಂಡು, ಅದು ಸುಳ್ಳಾಗುವ ದಾರಿಯನ್ನೂ ಬರೆದಿಟ್ಟುಕೊಂಡು ಊರಿಗೆ ಹೋಗುವುದೇ ಸಂಶೋಧನೆ. ಊಹೆಯನ್ನೇ ವರದಿಯ ‘ಕಾರಣಗಳು’ ಎಂಬ ತಲೆಬರಹದಡಿ ಬರೆದುಬಿಡುವುದು ನಮ್ಮ ರೂಢಿ. ಆ ತಲೆಬರಹದಡಿ ‘ಪಾಲಕರ ಅನಕ್ಷರತೆ, ಬಡತನ, ನಿರಾಸಕ್ತಿ’ ಎಂಬ ಮೂರು ಪದಗಳು ತಪ್ಪದೆ ಬರುತ್ತವೆ. ಪಾಲಕರನ್ನು ಕೇಳಿದವರಿಲ್ಲ. ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ಎಸ್‌ಡಿಎಂಸಿಗಳು ಬಂದವು. ಪಾಲಕರೇ ತುಂಬಿರುವ ಈ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ ಪ್ರತಿ ಸರಕಾರಿ ಶಾಲೆಯಲ್ಲೂ ಇದೆ. ಕೇಳಲು ಇದಕ್ಕಿಂತ ಹತ್ತಿರದ ಬಾಗಿಲು ಬೇಕೇ?

ಈಗ ಈ ಬರಹದ ನಡುಗಂಬಕ್ಕೆ ಬರುತ್ತೇನೆ. ಶಾಲಾ ಸುಧಾರಣೆ ಎಂದೊಡನೆ ಇಂದು ಎಲ್ಲರ ಬಾಯಲ್ಲಿ ಬರುವುದು ಮೌಲ್ಯಮಾಪನ ಮತ್ತು ಯೋಜನೆ. ಶಾಲೆ ತನ್ನನ್ನು ತಾನು ಅಳೆದುಕೊಳ್ಳಬೇಕು, ಕೊರತೆ ಪಟ್ಟಿ ಮಾಡಬೇಕು, ಶಾಲಾಭಿವೃದ್ಧಿ ಯೋಜನೆ ಬರೆಯಬೇಕು. 2015ರಲ್ಲಿ ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ ಇದಕ್ಕೆಂದು ‘ಶಾಲಾ ಸಿದ್ಧಿ’ ಎಂಬ ಚೌಕಟ್ಟು ಕೊಟ್ಟಿತು: 7 ಆಯಾಮ, 46 ಮಾನದಂಡ. ನಮ್ಮ ಶಾಲೆಗಳ ಮುಖ್ಯಶಿಕ್ಷಕರೂ ಅದನ್ನು ತುಂಬಿದವರೇ. ಕಾಗದದ ಮೇಲೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ.

ಮಧ್ಯಪ್ರದೇಶದಲ್ಲಿ ಇಂಥದೇ ಕಾರ್ಯಕ್ರಮವನ್ನು ಪರೀಕ್ಷಿಸುವ ಅವಕಾಶ ಒದಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದರ ಅಧ್ಯಯನವನ್ನು 2020ರಲ್ಲಿ ಹೊರತಂದರು. ಚೀಟಿ ಎತ್ತಿ ಆರಿಸಿದ 1,774 ಶಾಲೆಗಳಲ್ಲಿ ಸಮಗ್ರ ಮೌಲ್ಯಮಾಪನ ನಡೆಯಿತು, ಶ್ರೇಣಿ ಕೊಟ್ಟರು, ಪ್ರತಿ ಶಾಲೆಗೂ ಅದರದೇ ಸುಧಾರಣಾ ಯೋಜನೆ ಸಿದ್ಧವಾಯಿತು. ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲೂ ಮೌಲ್ಯಮಾಪನ ಪೂರ್ತಿಯಾಯಿತು. ಮೌಲ್ಯಮಾಪನ ಸುಳ್ಳೂ ಆಗಿರಲಿಲ್ಲ. ಶ್ರೇಣಿಗಳು ಶಾಲೆಯ ನಿಜಸ್ಥಿತಿಯನ್ನು ತಕ್ಕಮಟ್ಟಿಗೆ ಹೇಳುತ್ತಿದ್ದವು. ಆದರೆ ಈ ಶಾಲೆಗಳನ್ನು ಯೋಜನೆ ಸಿಗದ ಶಾಲೆಗಳೊಂದಿಗೆ ಹೋಲಿಸಿದಾಗ, ಶಾಲೆ ನಡೆಯುವ ರೀತಿಯಲ್ಲಾಗಲಿ ಮಕ್ಕಳ ಕಲಿಕೆಯಲ್ಲಾಗಲಿ ಏನೂ ವ್ಯತ್ಯಾಸವಿರಲಿಲ್ಲ. ಕೆಳಹಂತದ ಅಧಿಕಾರಿಗಳನ್ನು ಮಾತಾಡಿಸಿದಾಗ ತಿಳಿದದ್ದಿಷ್ಟು: ಹೆಚ್ಚಾದದ್ದು ವರದಿ, ಕಾಗದ. ಇಷ್ಟಾದರೂ ಕಾರ್ಯಕ್ರಮ ಯಶಸ್ವಿ ಎಂದೇ ಹೆಸರಾಗಿತ್ತು. ಅಂಥದೇ ಮಾದರಿ ದೇಶದ 6 ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ಹೋಯಿತು.

ಈ ಅಧ್ಯಯನವನ್ನು ಬಿ.ಇಡಿ., ಎಂ.ಇಡಿ. ತರಗತಿಗಳಲ್ಲಿ ಕಡ್ಡಾಯವಾಗಿ ಓದಿಸಬೇಕು ಎಂಬುದು ನನ್ನ ಅಭಿಪ್ರಾಯ. ಯೋಜನೆ ಬರೆಯಬೇಡಿ ಎನ್ನಲು ಅಲ್ಲ. ‘ಯೋಜನೆ ಪೂರ್ಣ, ಶೇ 100 ಪ್ರಗತಿ’ ಎಂದು ವಿಡಿಯೊ ಕಾನ್ಫರೆನ್ಸಿನಲ್ಲಿ ಹೇಳುವ ಪ್ರಗತಿಯೇ ಬೇರೆ, ಮಗು ಓದಲು ಕಲಿತ ಪ್ರಗತಿಯೇ ಬೇರೆ ಎಂದು ಒಮ್ಮೆ ಮನಸ್ಸಿಗೆ ನಾಟಲಿ ಎಂದು. ಮೊದಲನೆಯದನ್ನು ಅಳೆಯುವುದು ಸುಲಭ, ಆದ್ದರಿಂದ ಅದನ್ನೇ ಅಳೆಯುತ್ತೇವೆ.

ಆಂಧ್ರಪ್ರದೇಶದ್ದು ಇನ್ನೊಂದು ಅಧ್ಯಯನ, ಇದೇ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರದು. ಗ್ರಾಮೀಣ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ, ನಿಮ್ಮ ಮಕ್ಕಳು ಯಾವ ಸಾಮರ್ಥ್ಯದಲ್ಲಿ ಎಲ್ಲಿ ಹಿಂದಿದ್ದಾರೆ ಎಂಬ ವಿವರವಾದ ವರದಿ ಕೊಟ್ಟರು. ವೀಕ್ಷಕರು ಬಂದಾಗ ಆ ಶಿಕ್ಷಕರು ಬೇರೆಯವರಿಗಿಂತ ಹೆಚ್ಚು ಚುರುಕಾಗಿ ಪಾಠ ಮಾಡುತ್ತಿದ್ದರು. ವರ್ಷದ ಕೊನೆಗೆ ಪರೀಕ್ಷೆ ಇಟ್ಟರೆ ಅವರ ಮಕ್ಕಳು ಬೇರೆ ಶಾಲೆಯ ಮಕ್ಕಳಿಗಿಂತ ಒಂದಿಷ್ಟೂ ಮುಂದಿರಲಿಲ್ಲ. ನೋಡುವವರ ಎದುರಿನ ಪಾಠ ಬೇರೆಯಾಗಿತ್ತು.

ಇದು ಅಧಿಕಾರಿಯ ಸಂಶೋಧನೆಯ ಅತಿ ದೊಡ್ಡ ತೊಡಕು, ಪಠ್ಯಪುಸ್ತಕಗಳು ಇದನ್ನು ಹೇಳುವುದೇ ಇಲ್ಲ. ವಿಶ್ವವಿದ್ಯಾಲಯದ ಸಂಶೋಧಕ ಶಾಲೆಗೆ ಹೋದರೆ ಚಹಾ ಕೊಡುತ್ತಾರೆ. ಬಿಇಒ ಹೋದರೆ ‘ಸಾಹೇಬರು ಬಂದಾರ’ ಎಂಬ ಫೋನು ಮುಂದಿನ ಮೂರು ಊರಿನ ಶಾಲೆಗಳಿಗೆ ಮೊದಲೇ ಹೋಗಿರುತ್ತದೆ. ಹುಷಾರಾದ ಮಕ್ಕಳು ಮುಂದಿನ ಸಾಲಿಗೆ ಬರುತ್ತಾರೆ, ಬೀರುವಿನೊಳಗಿನ ಕಲಿಕೋಪಕರಣ ಮೇಜಿನ ಮೇಲೆ ಬರುತ್ತದೆ. ಅಧಿಕಾರಿ ಕಾಣುವುದು ತನ್ನ ಅಧಿಕಾರದ ಪ್ರತಿಬಿಂಬವನ್ನು. ಅದಕ್ಕೇನು ಮಾಡಬೇಕು? ಸತ್ಯ ಹೇಳಿದವರಿಗೆ ಶಿಕ್ಷೆಯಾಗುವುದಿಲ್ಲ ಎಂಬ ನಂಬಿಕೆ ಮೊದಲು ಹುಟ್ಟಬೇಕು, ಅದಕ್ಕೆ ವರ್ಷಗಳು ಬೇಕು. ಕಡಿಮೆ ಅಂಕವನ್ನು ಪ್ರಾಮಾಣಿಕವಾಗಿ ಬರೆದ ಶಿಕ್ಷಕಿಗೆ ಒಂದು ಸಲ ನೋಟಿಸು ಹೋದರೆ ಮುಂದಿನ ಹತ್ತು ವರ್ಷ ಆ ಕ್ಲಸ್ಟರಿನಿಂದ ಸುಳ್ಳು ಅಂಕಿ ಬರುತ್ತದೆ. ಪರೀಕ್ಷೆಯಾದರೂ ಕೊಂಚ ಸುಲಭ: ಒಂದು ಶಾಲೆಯ ಮಕ್ಕಳನ್ನು ಪಕ್ಕದ ಶಾಲೆಯ ಶಿಕ್ಷಕರು ಓದಿಸಿ ನೋಡಲಿ, ಇವರು ಅಲ್ಲಿಗೆ ಹೋಗಲಿ, ಅಂಕಿ ಕ್ಲಸ್ಟರಿನಲ್ಲೇ ಉಳಿಯಲಿ, ಮೇಲಕ್ಕೆ ಹೋಗದಿರಲಿ.

ಸಾಧ್ಯವಾಗುವಂಥ ಒಂದು ಕೆಲಸವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಹಂಸಭಾವಿ ಸುತ್ತಿನ ಒಂದು ಕ್ಲಸ್ಟರು, ಹನ್ನೆರಡು ಪ್ರಾಥಮಿಕ ಶಾಲೆ. ಪ್ರಶ್ನೆ ಚಿಕ್ಕದು: ನಾಲ್ಕನೇ ತರಗತಿಯಲ್ಲಿ ಸರಾಗ ಓದು ಬಾರದ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆ, ತರಗತಿ ಬಿಟ್ಟು ಓದಿನ ಮಟ್ಟದ ಮೇಲೆ ಗುಂಪು ಮಾಡಿ ಓದಿಸಿದರೆ ಲಾಭವುಂಟೇ? ಹೊಸ ಉಪಾಯವೇನಲ್ಲ. ಪ್ರಥಮ್ ಸಂಸ್ಥೆಯ ಜೊತೆ ರಾಜ್ಯ ಸರಕಾರ ನಡೆಸಿದ ‘ಓದು ಕರ್ನಾಟಕ’ ಇದೇ ಜಾತಿಯದು. ಎಲ್ಲ ಶಾಲೆಗೂ ಒಂದೇ ದಿನ ಶುರು ಮಾಡಲು ಸಿಆರ್‌ಪಿಗೆ ಹೇಗೂ ಆಗುವುದಿಲ್ಲ. ಕೈಪುಸ್ತಕ, ತರಬೇತಿ ಎಲ್ಲ ಹಂತಹಂತವಾಗಿಯೇ ಬರುತ್ತವೆ. ಹಾಗಾದರೆ ಯಾವ ಆರು ಶಾಲೆ ಜುಲೈಯಲ್ಲಿ, ಯಾವ ಆರು ದೀಪಾವಳಿಯ ನಂತರ ಎಂಬುದನ್ನು ಸಮಾಲೋಚನಾ ಸಭೆಯಲ್ಲಿ ಎಲ್ಲರ ಎದುರು ಚೀಟಿ ಎತ್ತಿ ನಿರ್ಧರಿಸಲಿ. ಯಾವ ಮಗುವಿಗೂ ಅನ್ಯಾಯವಿಲ್ಲ, ಎಲ್ಲರಿಗೂ ಸಿಗುತ್ತದೆ. ದೀಪಾವಳಿಗೆ ಮೊದಲು ಹನ್ನೆರಡೂ ಶಾಲೆಗಳಲ್ಲಿ ಓದಿಸಿ ನೋಡಿದರೆ ಹೋಲಿಕೆ ಕೈಗೆ ಬರುತ್ತದೆ. ಹನ್ನೆರಡು ಶಾಲೆಯಿಂದ ಸಿಗುವ ಉತ್ತರ ಕಲ್ಲಿನ ಮೇಲಿನ ಶಾಸನವಲ್ಲ. ಅದೃಷ್ಟದ ಪಾಲು ಅದರಲ್ಲೂ ಇರುತ್ತದೆ. ಆದರೆ 35ರಿಂದ 70ಕ್ಕೆ ಏರಿದ ಪುಸ್ತಿಕೆಗಿಂತ ಎಷ್ಟೋ ಪಾಲು ನಂಬಬಹುದು. ಖರ್ಚು? ಚೀಟಿಯ ಕಾಗದ.

ಪ್ರಯತ್ನಕ್ಕೆ ಮೊದಲೇ ಊಹೆಯನ್ನು ಬರೆದಿಡಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಮೊದಲು ಬರೆಯದಿದ್ದರೆ ಆಮೇಲೆ ಓದು ಏರದಿದ್ದಾಗ ‘ಮಕ್ಕಳ ಆತ್ಮವಿಶ್ವಾಸ ಹೆಚ್ಚಿತು’ ಎಂದು ಬರೆಯುವ ಆಸೆ ಯಾರಿಗಾದರೂ ಬರುತ್ತದೆ.

ಸಣ್ಣದಾಗಿ ಶುರು ಮಾಡಿ ದೊಡ್ಡದಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಚಿಕ್ಕ ಮಕ್ಕಳಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರಕಾರಿ ಶಿಕ್ಷಕರು ತಾವೇ ಕಾರ್ಡು ಬರೆದರು, ಕಲಿಕೆಯ ಏಣಿ ಕಟ್ಟಿದರು, ತರಗತಿಯಲ್ಲಿ ಬಳಸಿ ತಿದ್ದಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೂ ಬಂದಿತು. ಬಂದದ್ದು ಕಾರ್ಡು, ತಟ್ಟೆ, ಏಣಿ. ತಿದ್ದುವ ಅಭ್ಯಾಸ ಅಷ್ಟಾಗಿ ಬರಲಿಲ್ಲ. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ಅದು ತಮ್ಮ ಕೆಲಸವಾಗಿತ್ತು, ಹಾವೇರಿ ಜಿಲ್ಲೆಯ ಶಿಕ್ಷಕರಿಗೆ ಆದೇಶವಾಗಿತ್ತು. ಯಾವುದೇ ಸುಧಾರಣೆಯನ್ನು ಹರಡುವಾಗ ಅದನ್ನು ಕಂಡುಕೊಂಡ ರೀತಿಯನ್ನೂ ಜೊತೆಗೆ ಕಳಿಸಬೇಕು ಎಂಬುದು ಇಲಾಖೆಗೆ ಇನ್ನೂ ಹೊಳೆದಂತಿಲ್ಲ.

ಅಧಿಕಾರಿಗಳಿಗೆ ಈ ವಿದ್ಯೆ ಕಲಿಸಲು ಜಾಗಗಳಿಲ್ಲವೆಂದಲ್ಲ. ಧಾರವಾಡದ ರಾಯಾಪುರದಲ್ಲಿ ಸೀಮ್ಯಾಟ್ ಇತ್ತು, ಈಗ ಸಿಸ್ಲೆಪ್ ಎಂಬ ಹೆಸರಿನಲ್ಲಿದೆ; ಶೈಕ್ಷಣಿಕ ಯೋಜನೆ, ನಿರ್ವಹಣೆಯ ತರಬೇತಿಗೆಂದೇ ಇರುವ ಸಂಸ್ಥೆ. ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ, ಕ್ರಿಯಾ ಸಂಶೋಧನೆ ಅದರ ಕೆಲಸಗಳಲ್ಲೊಂದು. ಇವುಗಳ ಬಾಗಿಲಲ್ಲಿ ಅಧಿಕಾರಿ ನಿಲ್ಲುವುದು ಹುದ್ದೆಗೆ ಬಂದ ಮೇಲೆ, ಆಗ ಕಲಿಯಲು ಪುರುಸೊತ್ತು ಇರುವುದಿಲ್ಲ. ಪುರುಸೊತ್ತು ಇರುವುದು ಇಪ್ಪತ್ತೆರಡರ ವಯಸ್ಸಿನಲ್ಲಿ, ಬಿ.ಇಡಿ. ಕಾಲೇಜಿನಲ್ಲಿ. 2015-16ರಿಂದ ಆ ಕೋರ್ಸು ಎರಡು ವರ್ಷದ್ದಾಗಿದೆ. ಒಂದು ಸೋತ ಪ್ರಯತ್ನಕ್ಕೂ ಅದನ್ನು ತಿದ್ದುವ ಎರಡನೆಯ ಸುತ್ತಿಗೂ ಅಷ್ಟು ಸಮಯ ಸಾಕು.

ಬಿ.ಇಡಿ. ಕಾಲೇಜುಗಳ ಮೇಷ್ಟ್ರುಗಳಲ್ಲಿ, ಡಯಟ್‌ನ ಉಪನ್ಯಾಸಕರಲ್ಲಿ, ‘ಜೀವನ ಶಿಕ್ಷಣ’ದಂಥ ಪತ್ರಿಕೆಗಳ ಸಂಪಾದಕರಲ್ಲಿ ಒಂದು ಬೇಡಿಕೆ. ಈ ವರ್ಷ ನಿಮ್ಮ ಕೈಗೆ, ‘ಪಕ್ಕದ ವಿಭಾಗದೊಂದಿಗೆ ಹೋಲಿಸಿದೆ, ನನ್ನ ಉಪಾಯದಿಂದ ವ್ಯತ್ಯಾಸವೇನೂ ಆಗಲಿಲ್ಲ, ಏಕಿರಬಹುದೆಂದರೆ ಇದು’ ಎಂದು ಬರೆದ ಕ್ರಿಯಾ ಸಂಶೋಧನೆಯೊಂದು ಬಂದರೆ ಅದಕ್ಕೆ ಅಂಕ ಕಡಿಮೆ ಕೊಡಬೇಡಿ. ತರಗತಿಯಲ್ಲಿ ಓದಿಸಿ, ಸಾಧ್ಯವಾದರೆ ಅಚ್ಚು ಹಾಕಿಸಿ.